ಉತ್ತರ ಕನ್ನಡ ಜಿಲ್ಲೆಯ ಕರಾವಳಿ ಹಾಗೂ ಘಟ್ಟ ಪ್ರದೇಶದ ಸೈಕಲ್ ಮಾರ್ಗಗಳು – ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಮತ್ತು ಭಟ್ಕಳ ತಾಲ್ಲೂಕುಗಳು ಅರಬ್ಬೀ ಸಮುದ್ರದ ತೀರದಲ್ಲಿವೆ. ಕಾಳಿ, ಗಂಗಾವಳಿ, ಅಘನಾಶಿನಿ ಹಾಗೂ ಶರಾವತಿ ನದಿಗಳು ಈ ತೀರದಲ್ಲಿ ಸಮುದ್ರವನ್ನು ಸೇರುತ್ತವೆ. ಸಹ್ಯಾದ್ರಿಯ ಗುಡ್ಡಗಳು ಅನೇಕ ಕಡೆಗಳಲ್ಲಿ ಕಡಲಿನವರೆಗೂ ಚಾಚಿಕೊಂಡಿರುವುದರಿಂದ ಇಲ್ಲಿಯ ರಸ್ತೆಯು ಸಮತಟ್ಟಾಗಿರದೆ ಏರಿಳಿತಗಳಿಂದ ಕೂಡಿದೆ.

ಸೈಕಲ್ ಪ್ರವಾಸ ಕೈಗೊಳ್ಳುವವರು ಸಾಮಾನ್ಯವಾಗಿ ದೂರವನ್ನು ಮಾತ್ರ ಲೆಕ್ಕಹಾಕುತ್ತಾರೆ. ಆದರೆ ಈ ಪ್ರದೇಶದಲ್ಲಿ ದೂರಕ್ಕಿಂತ ಋತುಮಾನ, ರಸ್ತೆಯ ಅಂಚು ಹಾಗೂ ಗುಡ್ಡದ ಸ್ಥಿತಿ ಮುಖ್ಯವಾಗಿರುತ್ತವೆ. ಈ ಅಂಶವನ್ನು ಗಮನದಲ್ಲಿರಿಸಿಕೊಂಡು ಮಾರ್ಗಗಳ ವಿವರ, ಅಗತ್ಯವಿರುವ ಅನುಮತಿ ಹಾಗೂ ತುರ್ತು ಸಂದರ್ಭದಲ್ಲಿ ದೊರೆಯುವ ನೆರವನ್ನು ಕೆಳಗೆ ನೀಡಲಾಗಿದೆ.

2. ಸೂಕ್ತ ಕಾಲ

ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿಯು ಅತ್ಯಂತ ಸೂಕ್ತವಾದುದು. ಜಿಲ್ಲೆಯ ಕರಾವಳಿಯಲ್ಲಿ ವಾರ್ಷಿಕ ಮಳೆ 3000 ಮಿ.ಮೀ.ಗೂ ಅಧಿಕವಾಗಿದ್ದು, ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುತ್ತದೆ. ಈ ನಾಲ್ಕು ತಿಂಗಳಲ್ಲಿ ಘಟ್ಟದ ಮಾರ್ಗಗಳಲ್ಲಿ ಸೈಕಲ್ ಪ್ರವಾಸ ಕೈಗೊಳ್ಳದಿರುವುದು ಕ್ಷೇಮಕರ.

ಬೇಸಿಗೆಯಲ್ಲಿ ಮಧ್ಯಾಹ್ನದ ನಂತರ ಕಡಲ ಕಡೆಯಿಂದ, ಹೆಚ್ಚಾಗಿ ವಾಯವ್ಯ ದಿಕ್ಕಿನಿಂದ ಗಾಳಿ ಬೀಸುತ್ತದೆ. ಆದುದರಿಂದ ಕಾರವಾರದಿಂದ ಭಟ್ಕಳದ ಕಡೆಗೆ, ಅಂದರೆ ಉತ್ತರದಿಂದ ದಕ್ಷಿಣಕ್ಕೆ ಸಾಗುವುದು ಸವಾರರಿಗೆ ಅನುಕೂಲಕರ. ಬೆಳಗಿನ 6 ಗಂಟೆಗೆ ಹೊರಟು 10 ಗಂಟೆಯೊಳಗೆ ದಿನದ ಬಹುಪಾಲು ದೂರವನ್ನು ಕ್ರಮಿಸುವುದು ಉತ್ತಮ.

3. ಕರಾವಳಿ ಮಾರ್ಗ (ಕಾರವಾರ – ಭಟ್ಕಳ, ಸುಮಾರು 130 ಕಿ.ಮೀ.)

ಈ ಮಾರ್ಗದ ಬಹುಭಾಗ ರಾಷ್ಟ್ರೀಯ ಹೆದ್ದಾರಿ 66 (ಹಿಂದಿನ ಸಂಖ್ಯೆ 17) ಆಗಿರುತ್ತದೆ. ಹೊಸದಾಗಿ ಅಭ್ಯಾಸ ಮಾಡಿದವರು ಇದನ್ನು ಮೂರು ದಿನಗಳಲ್ಲಿ ಪೂರೈಸಬಹುದು.

(ಅ) ಕಾರವಾರ – ಅಂಕೋಲಾ, ಸುಮಾರು 35 ಕಿ.ಮೀ.: ರವೀಂದ್ರನಾಥ ಟಾಗೋರ್ ಕಡಲತೀರದಿಂದ ಹೊರಟು ಬಿಣಗಾ, ಅರಗಾ, ಅವರ್ಸಾ ಮೂಲಕ ಸಾಗಬೇಕು. ಸುರಂಗ ಮಾರ್ಗದಲ್ಲಿ ಹಗಲಿನಲ್ಲಿಯೂ ಮುಂದಿನ ಹಾಗೂ ಹಿಂದಿನ ದೀಪಗಳನ್ನು ಬೆಳಗಿಸಿರಬೇಕು. ಅರಗಾ ಬಳಿಯ ನೌಕಾನೆಲೆಯ ಆವರಣದ ಛಾಯಾಚಿತ್ರ ತೆಗೆಯುವುದನ್ನು ನಿಷೇಧಿಸಲಾಗಿದೆ. ಗೋವಾ ಕಡೆಯಿಂದ ಬರುವವರು ಕಾಳಿ ನದಿಯನ್ನು ಹೊಸ ಸೇತುವೆಯ ಮೂಲಕ ದಾಟಬೇಕು. ಹಳೆಯ ಸೇತುವೆಯು ದಿನಾಂಕ 7-8-2024ರಂದು ಕುಸಿದಿದೆ.

(ಆ) ಅಂಕೋಲಾ – ಗೋಕರ್ಣ – ಕುಮಟಾ: ಹೆದ್ದಾರಿಯಲ್ಲಿ ಮಾದನಗೇರಿಯವರೆಗೆ ಸಾಗಿ, ಅಲ್ಲಿಂದ ಬಲಕ್ಕೆ ತಿರುಗಿದರೆ ಸುಮಾರು 10 ಕಿ.ಮೀ. ಅಂತರದಲ್ಲಿ ಗೋಕರ್ಣ ಕ್ಷೇತ್ರವಿದೆ. ಗೋಕರ್ಣದಿಂದ ತದಡಿ ಬಂದರಿಗೆ ಹೋಗಿ, ಅಘನಾಶಿನಿ ನದಿಯನ್ನು ದೋಣಿಯಲ್ಲಿ ದಾಟಿ, ಕಾಗಾಲ, ಬಾಡ ಗ್ರಾಮಗಳ ಮೂಲಕ ಕುಮಟಾ ತಲುಪಬಹುದು. ಹೆದ್ದಾರಿಯ ಲಾರಿಗಳಿಂದ ದೂರವಿರುವ ಈ ಒಳರಸ್ತೆಯು ಸೈಕಲ್ ಸವಾರರಿಗೆ ಹೆಚ್ಚು ಯೋಗ್ಯವಾದುದು. ದೋಣಿಯ ಸಮಯವು ಹವಾಮಾನ ಹಾಗೂ ನದಿಯ ಭರತ–ಇಳಿತಗಳನ್ನು ಅವಲಂಬಿಸಿರುವುದರಿಂದ ಮೊದಲೇ ವಿಚಾರಿಸಿಕೊಳ್ಳತಕ್ಕದ್ದು. ದೋಣಿ ದೊರೆಯದಿದ್ದಲ್ಲಿ ಹೆದ್ದಾರಿಗೆ ಮರಳಿ ಮಿರ್ಜಾನ್ ಮೂಲಕ ಕುಮಟಾಕ್ಕೆ ಹೋಗಬಹುದು. ಮಿರ್ಜಾನ್ ಕೋಟೆಯು ಈ ದಾರಿಯ ಸಮೀಪದಲ್ಲಿಯೇ ಇದೆ.

(ಇ) ಕುಮಟಾ – ಹೊನ್ನಾವರ – ಭಟ್ಕಳ, ಸುಮಾರು 60 ಕಿ.ಮೀ.: ಧಾರೇಶ್ವರ ಮೂಲಕ ಹೊನ್ನಾವರ ತಲುಪಿ, ಶರಾವತಿ ಸೇತುವೆಯನ್ನು ದಾಟಿದೊಡನೆ ಕಾಸರಕೋಡ ದೊರೆಯುತ್ತದೆ. ಇಲ್ಲಿಯ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಲಭಿಸಿದೆ. ಮುಂದೆ ಮಂಕಿ, ಮುರ್ಡೇಶ್ವರ ಮೂಲಕ ಭಟ್ಕಳ ತಲುಪಬಹುದು. ಸೇತುವೆಯ ಮೇಲೆ ಅಡ್ಡಗಾಳಿ ಇರುವುದರಿಂದ ಸವಾರರು ಅಕ್ಕಪಕ್ಕದಲ್ಲಿ ಸಾಗದೆ ಒಬ್ಬರ ಹಿಂದೆ ಒಬ್ಬರು ಸಾಗಬೇಕು.

4. ಘಟ್ಟದ ಮಾರ್ಗಗಳು (ಅನುಭವಿ ಸವಾರರಿಗೆ ಮಾತ್ರ)

(ಅ) ಹೊನ್ನಾವರ – ಗೇರುಸೊಪ್ಪ – ಜೋಗ, ಸುಮಾರು 60 ಕಿ.ಮೀ.: ರಾಷ್ಟ್ರೀಯ ಹೆದ್ದಾರಿ 69. ಗೇರುಸೊಪ್ಪದವರೆಗೆ ಶರಾವತಿಯ ದಂಡೆಯ ಕಡೆಯಲ್ಲಿ ಸಾಗುವ ರಸ್ತೆಯು ಸುಗಮವಾಗಿದ್ದು, ನಂತರ ಮಾವಿನಗುಂಡಿಯವರೆಗೆ ಏರು ಹಾಗೂ ತಿರುವುಗಳಿಂದ ಕೂಡಿದೆ. ಇದು ಸಿಂಗಳೀಕಗಳ ನೆಲೆಯಾದ ಶರಾವತಿ ಕಣಿವೆಯ ಅರಣ್ಯ. ಮಂಗಗಳಿಗೆ ತಿನಿಸು ನೀಡಬಾರದು.

(ಆ) ಕುಮಟಾ – ದೇವಿಮನೆ – ಶಿರಸಿ, ಸುಮಾರು 60 ಕಿ.ಮೀ.: ಸಮುದ್ರಮಟ್ಟದಿಂದ ಆರಂಭವಾಗಿ ಸುಮಾರು 600 ಮೀಟರ್ ಎತ್ತರದ ಶಿರಸಿಯನ್ನು ಸೇರುತ್ತದೆ. ರಸ್ತೆ ವಿಸ್ತರಣೆ ಕಾಮಗಾರಿ ಹಾಗೂ ಮಳೆಯ ನಿಮಿತ್ತ ಈ ಮಾರ್ಗದಲ್ಲಿ ಸಂಚಾರವನ್ನು ನಿರ್ಬಂಧಿಸಿದ ಸಂದರ್ಭಗಳಿರುವುದರಿಂದ, ಹೊರಡುವ ಮುನ್ನ ಜಿಲ್ಲಾಡಳಿತದ ಪ್ರಕಟಣೆಯನ್ನು ಪರಿಶೀಲಿಸುವುದು.

(ಇ) ಅಂಕೋಲಾ – ಅರಬೈಲ್ – ಯಲ್ಲಾಪುರ: ರಾಷ್ಟ್ರೀಯ ಹೆದ್ದಾರಿ 52. ಹುಬ್ಬಳ್ಳಿ ಕಡೆಯ ಭಾರಿ ವಾಹನಗಳ ಸಂಚಾರ ಅಧಿಕವಾಗಿರುವುದರಿಂದ ಈ ಘಟ್ಟವನ್ನು ಸೈಕಲ್ ಪ್ರವಾಸಕ್ಕೆ ಶಿಫಾರಸು ಮಾಡಲಾಗುವುದಿಲ್ಲ.

ಘಟ್ಟ ಇಳಿಯುವಾಗ ಬ್ರೇಕನ್ನು ನಿರಂತರವಾಗಿ ಹಿಡಿದಿಡಬಾರದು. ಹಾಗೆ ಮಾಡಿದಲ್ಲಿ ರಿಮ್ ಕಾಯ್ದು ಟ್ಯೂಬ್ ಒಡೆಯುವ ಸಂಭವವಿರುತ್ತದೆ. ತಿರುವಿಗೆ ಮೊದಲೇ ವೇಗವನ್ನು ತಗ್ಗಿಸಿ, ಅಗತ್ಯವಿದ್ದಲ್ಲಿ ಸುರಕ್ಷಿತ ಸ್ಥಳದಲ್ಲಿ ನಿಂತು ಮುಂದುವರಿಯುವುದು.

5. ಗುಡ್ಡ ಕುಸಿತದ ಬಗ್ಗೆ ವಿಶೇಷ ಸೂಚನೆ

ದಿನಾಂಕ 16-7-2024ರಂದು ಅಂಕೋಲಾ ತಾಲ್ಲೂಕಿನ ಶಿರೂರು ಬಳಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ರಸ್ತೆ ಬದಿಯ ಚಹಾದ ಅಂಗಡಿ ಹಾಗೂ ಅಲ್ಲಿ ನಿಂತಿದ್ದ ವಾಹನಗಳು ಮಣ್ಣಿನೊಂದಿಗೆ ಗಂಗಾವಳಿ ನದಿಯ ಪಾಲಾದವು. ಹಲವರು ಪ್ರಾಣ ಕಳೆದುಕೊಂಡರು. ಅವರಲ್ಲಿ ಪ್ರಯಾಣದ ನಡುವೆ ವಿಶ್ರಾಂತಿಗೆಂದು ನಿಂತವರೂ ಇದ್ದರು.

ಸೈಕಲ್ ಸವಾರರು ದಣಿವಾರಿಸಿಕೊಳ್ಳಲು ರಸ್ತೆ ಬದಿಯ ನೆರಳನ್ನು ಹುಡುಕುವುದು ಸಹಜ. ಆದರೆ ರಸ್ತೆಗಾಗಿ ನೇರವಾಗಿ ಕಡಿಯಲಾದ ಗುಡ್ಡದ ಬುಡದಲ್ಲಿ ಯಾವುದೇ ಕಾಲದಲ್ಲಿ ನಿಲ್ಲಬಾರದು. ಗುಡ್ಡದಿಂದ ಕೆಸರು ನೀರು ಹರಿದುಬರುವುದು, ಸಣ್ಣ ಕಲ್ಲುಗಳು ಉದುರುವುದು, ಮರಗಳು ವಾಲಿರುವುದು ಅಥವಾ ನೆಲದಲ್ಲಿ ಹೊಸ ಬಿರುಕು ಕಾಣುವುದು ಕುಸಿತದ ಮುನ್ಸೂಚನೆಗಳಾಗಿವೆ. ಇವು ಕಂಡುಬಂದಲ್ಲಿ ಕೂಡಲೇ ಹಿಂತಿರುಗಿ 1077ಕ್ಕೆ ತಿಳಿಸುವುದು. ತಡೆಬೇಲಿ ಹಾಕಿದ ರಸ್ತೆಯಲ್ಲಿ ಸೈಕಲ್ಲನ್ನು ಎತ್ತಿಕೊಂಡು ದಾಟಲು ಪ್ರಯತ್ನಿಸಬಾರದು.

6. ಅನುಮತಿಗೆ ಸಂಬಂಧಿಸಿದ ಮಾಹಿತಿ

(ಅ) ಸಾರ್ವಜನಿಕ ರಸ್ತೆಯಲ್ಲಿ ವೈಯಕ್ತಿಕವಾಗಿ ಅಥವಾ ಸ್ನೇಹಿತರೊಡನೆ ಸೈಕಲ್ ಪ್ರವಾಸ ಕೈಗೊಳ್ಳಲು ಅನುಮತಿ ಅಗತ್ಯವಿಲ್ಲ. ಸೈಕಲ್‌ಗೆ ನೋಂದಣಿ ಅಥವಾ ಚಾಲನಾ ಪರವಾನಗಿ ಬೇಕಾಗಿರುವುದಿಲ್ಲ.

(ಆ) ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಕಲಂ 27ರಂತೆ, ಅಭಯಾರಣ್ಯದೊಳಗಿನ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗಲು ಪ್ರತ್ಯೇಕ ಪರವಾನಗಿ ಬೇಕಿಲ್ಲ. ಆದರೆ ರಸ್ತೆಯನ್ನು ಬಿಟ್ಟು ಕಾಡಿನ ದಾರಿಯಲ್ಲಿ ಸೈಕಲ್ ಓಡಿಸಲು ಅಥವಾ ತಂಗಲು ಅರಣ್ಯ ಇಲಾಖೆಯ ಅನುಮತಿ ಪಡೆಯುವುದು ಕಡ್ಡಾಯ.

(ಇ) ಸ್ಪರ್ಧೆ, ಜಾಥಾ ಮುಂತಾದ ಸಾಮೂಹಿಕ ಕಾರ್ಯಕ್ರಮಗಳಿಗೆ ಪೊಲೀಸ್ ಇಲಾಖೆ ಹಾಗೂ ಜಿಲ್ಲಾಡಳಿತಕ್ಕೆ ಮುಂಚಿತವಾಗಿ ಲಿಖಿತ ಅರ್ಜಿ ಸಲ್ಲಿಸಬೇಕು. ಅರ್ಜಿಯಲ್ಲಿ ದಿನಾಂಕ, ಮಾರ್ಗದ ನಕ್ಷೆ, ಭಾಗವಹಿಸುವವರ ಸಂಖ್ಯೆ, ಆರಂಭ ಹಾಗೂ ಮುಕ್ತಾಯದ ಸಮಯ, ಆಂಬುಲೆನ್ಸ್ ವ್ಯವಸ್ಥೆ ಹಾಗೂ ಜವಾಬ್ದಾರಿ ಹೊತ್ತ ವ್ಯಕ್ತಿಯ ವಿಳಾಸವನ್ನು ನಮೂದಿಸುವುದು.

(ಈ) ರೈಲಿನಲ್ಲಿ ಸೈಕಲ್ ಸಾಗಿಸಲಿಚ್ಛಿಸುವವರು ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಮೊದಲೇ ಬುಕ್ ಮಾಡಿಸಬೇಕು. ಇಳಿಯುವ ನಿಲ್ದಾಣದಲ್ಲಿ ಪಾರ್ಸೆಲ್ ಸೌಲಭ್ಯವಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳುವುದು.

7. ಅಪಘಾತವಾದಲ್ಲಿ

ತುರ್ತು ಸಹಾಯಕ್ಕೆ 112, ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033ಕ್ಕೆ ಕರೆ ಮಾಡುವುದು. ಘಟ್ಟದಲ್ಲಿ ದೂರವಾಣಿ ಸಂಪರ್ಕ ಎಲ್ಲೆಡೆ ದೊರೆಯುವುದಿಲ್ಲ. ಆದುದರಿಂದ ಹೊರಡುವ ವೇಳೆ ಮತ್ತು ತಲುಪುವ ವೇಳೆಯನ್ನು ಮನೆಯವರಿಗೆ ತಿಳಿಸಿರಬೇಕು.

ಡಿಕ್ಕಿ ಹೊಡೆದ ವಾಹನವು ಪತ್ತೆಯಾಗದೆ ಪರಾರಿಯಾದಲ್ಲಿ ಪರಿಹಾರವಿಲ್ಲವೆಂದು ಅನೇಕರು ಭಾವಿಸಿ ಸುಮ್ಮನಾಗುತ್ತಾರೆ. ಇದು ಸರಿಯಲ್ಲ. ದಿನಾಂಕ 1-4-2022ರಿಂದ ಜಾರಿಗೆ ಬಂದ ಕೇಂದ್ರ ಸರ್ಕಾರದ ಯೋಜನೆಯಂತೆ, ಇಂತಹ ಪ್ರಕರಣದಲ್ಲಿ ಮೃತರ ಕುಟುಂಬಕ್ಕೆ ರೂ. 2,00,000 ಹಾಗೂ ತೀವ್ರವಾಗಿ ಗಾಯಗೊಂಡವರಿಗೆ ರೂ. 50,000 ಪರಿಹಾರ ದೊರೆಯುತ್ತದೆ. ಸೈಕಲ್ ಸವಾರರೂ ಇದಕ್ಕೆ ಅರ್ಹರು. ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ, ಅದರ ಪ್ರತಿ ಹಾಗೂ ಆಸ್ಪತ್ರೆಯ ದಾಖಲೆಗಳೊಡನೆ ಅಪಘಾತ ನಡೆದ ತಾಲ್ಲೂಕಿನ ಕಂದಾಯ ಅಧಿಕಾರಿಗಳಲ್ಲಿ ಅರ್ಜಿ ಸಲ್ಲಿಸುವುದು.

8. ಹೊರಡುವ ಮುನ್ನ

ಹೆಲ್ಮೆಟ್, ಹಿಂದಿನ ಕೆಂಪು ದೀಪ, ಹೊಳೆಯುವ ಪಟ್ಟಿಯಿರುವ ಮೇಲಂಗಿ, ಎರಡು ಟ್ಯೂಬ್, ಗಾಳಿಪಂಪು, ಪಂಕ್ಚರ್ ಸಾಮಗ್ರಿ, ಪ್ರಥಮ ಚಿಕಿತ್ಸಾ ಪೆಟ್ಟಿಗೆ ಹಾಗೂ ಕನಿಷ್ಠ 2 ಲೀಟರ್ ನೀರು ಜೊತೆಯಲ್ಲಿರಬೇಕು. ಕರಾವಳಿಯ ಸೆಖೆಯಲ್ಲಿ ಬೆವರಿನೊಡನೆ ಉಪ್ಪಿನಂಶವೂ ನಷ್ಟವಾಗುವುದರಿಂದ ಉಪ್ಪು ಬೆರೆಸಿದ ಮಜ್ಜಿಗೆ ಅಥವಾ ಎಳನೀರು ಸೇವಿಸುವುದು ಹಿತಕರ. ಸೂರ್ಯಾಸ್ತದ ನಂತರ ಹೆದ್ದಾರಿಯಲ್ಲಿ ಸೈಕಲ್ ಪ್ರಯಾಣ ಮಾಡಬಾರದು.

ನಿಗದಿತ ಸ್ಥಳವನ್ನು ಅದೇ ದಿನ ತಲುಪಲೇಬೇಕೆಂಬ ಹಟ ಬೇಡ. ಮಳೆ ಆರಂಭವಾದಲ್ಲಿ ಅಥವಾ ಕತ್ತಲಾದಲ್ಲಿ ಸಮೀಪದ ಊರಿನಲ್ಲಿ ತಂಗಿ ಮರುದಿನ ಮುಂದುವರಿಯುವಂತೆ ಎಲ್ಲ ಸೈಕಲ್ ಸವಾರರಲ್ಲಿ ಕೋರಲಾಗಿದೆ.