ಪಂಚಮಿಯ ಹಾಲು ಯಾರ ಪಾಲು?



ಶ್ರಾವಣ ಶುದ್ಧ ಪಂಚಮಿಯು ಉತ್ತರ ಕರ್ನಾಟಕದ ಮನೆಗಳಿಗೆ ಕೇವಲ ಒಂದು ದಿನದ ಹಬ್ಬವಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡ ಸೀಮೆಗಳಲ್ಲಿ ಅದು ರೊಟ್ಟಿ ಹಬ್ಬದಿಂದ ಆರಂಭವಾಗಿ, ನಾಗಚೌತಿಯನ್ನು ದಾಟಿ, ಪಂಚಮಿಯ ಜೋಕಾಲಿಯವರೆಗೆ ಸಾಗುತ್ತದೆ. ಲಿಂಗಾಯತ ಮನೆಗಳೂ ಇದಕ್ಕೆ ಹೊರತಲ್ಲ. ಆದರೆ ಈ ಹಬ್ಬದ ಮುಖ್ಯ ವಿಧಿಯಾದ ಕಲ್ಲುನಾಗರಕ್ಕೆ ಹಾಲೆರೆಯುವ ಪದ್ಧತಿಯನ್ನು ಗುರು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಪ್ರಶ್ನಿಸಿದ್ದರು. ಆ ವಚನವನ್ನು ಬಾಯಿಪಾಠವಾಗಿ ಬಲ್ಲ ತಾಯಂದಿರೇ ಹಾಲಿನ ಬಟ್ಟಲು ಹಿಡಿದು ನಾಗರಕಟ್ಟೆಗೆ ಹೋಗುವುದನ್ನು ಇಂದಿಗೂ ಕಾಣಬಹುದು. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ವಚನವೂ ಉಳಿದು, ಹಬ್ಬವೂ ಉಳಿದ ಬಗೆಯನ್ನು ಅರಿಯಲು ಮನೆಯ ಒಳಗಿನ ಇತಿಹಾಸವನ್ನು ನೋಡಬೇಕಾಗುತ್ತದೆ.

ವಚನದ ಎರಡು ದೃಶ್ಯಗಳು

ಬಸವಣ್ಣನವರು ಆ ವಚನದಲ್ಲಿ ಎರಡು ದೃಶ್ಯಗಳನ್ನು ಎದುರುಬದುರಾಗಿ ನಿಲ್ಲಿಸುತ್ತಾರೆ. ಮೊದಲನೆಯದು ಹಾವಿನದು: ಕಲ್ಲಿನಲ್ಲಿ ಕೆತ್ತಿದ ಹಾವಿಗೆ ದೊರೆಯುವ ಆದರವು ಹರಿದಾಡುವ ಹಾವಿಗೆ ದೊರೆಯುವುದಿಲ್ಲ, ಅದಕ್ಕೆ ಬಡಿಗೆಯೇ ಗತಿ. ಎರಡನೆಯದು ಮನೆಯ ಬಾಗಿಲಿನದು: ಹಸಿದು ಬಂದವನನ್ನು ಮುಂದಕ್ಕೆ ಕಳುಹಿಸಿ, ಉಣ್ಣಲಾರದ ಮೂರ್ತಿಗೆ ನೈವೇದ್ಯವನ್ನು ಬಡಿಸಲಾಗುತ್ತದೆ. ಸಾಮಾನ್ಯವಾಗಿ ಉಪನ್ಯಾಸಗಳಲ್ಲಿ ಮೊದಲನೆಯ ದೃಶ್ಯವೇ ಪ್ರಸಿದ್ಧವಾಗಿದೆ. ಎರಡನೆಯದು ಹಿಂದೆ ಸರಿಯುತ್ತದೆ. ಆದರೆ ವಚನದ ಭಾರವೆಲ್ಲ ಎರಡನೆಯದರ ಮೇಲಿದೆ. ಅಣ್ಣನವರ ಪ್ರಶ್ನೆಯು ಹುತ್ತದ ಬಳಿ ಆರಂಭವಾಗಿ ಹೊಸ್ತಿಲಿನಲ್ಲಿ ಬಂದು ನಿಲ್ಲುತ್ತದೆ. ಈ ಮನೆಯ ಅನ್ನ ಯಾರಿಗೆ ಸಲ್ಲುತ್ತಿದೆ, ಯಾರಿಗೆ ಸಲ್ಲುತ್ತಿಲ್ಲ ಎಂಬುದೇ ಆ ಪ್ರಶ್ನೆ.

ಶರಣರ ಮನೆಯ ನಿತ್ಯ

ಶರಣರು ಮನೆಗೆ ಕೊಟ್ಟ ಮಹತ್ವವನ್ನು ನೆನೆದರೆ ಈ ಪ್ರಶ್ನೆಯ ಹಿನ್ನೆಲೆ ತಿಳಿಯುತ್ತದೆ. ಇಷ್ಟಲಿಂಗವು ಅಂಗದ ಮೇಲೆಯೇ ಇರುವಾಗ ಪೂಜೆಗಾಗಿ ಗುಡಿಗೆ ಹೋಗುವ ಅಗತ್ಯವಿರಲಿಲ್ಲ. ಮನೆಯ ಮೂಲೆಯೇ ಪೂಜೆಯ ಸ್ಥಳ, ಮನೆಯ ಒಲೆಯೇ ದಾಸೋಹದ ಮೂಲ. ಕೊಟ್ಟಣದ ಸೋಮವ್ವೆ ಭತ್ತ ಕುಟ್ಟುವ ಕಾಯಕದವಳು. ಕದಿರ ರೆಮ್ಮವ್ವೆ ನೂಲುವ ಕಾಯಕದವಳು. ಮನೆಯೊಳಗೆ ಯಾರ ಕಣ್ಣಿಗೂ ಬೀಳದೆ ಸವೆಯುತ್ತಿದ್ದ ಹೆಣ್ಣಿನ ದುಡಿಮೆಗೆ ಕಾಯಕವೆಂಬ ಹೆಸರು ಬಂದು, ಅದು ಆಕೆಯ ಹೆಸರಿನೊಡನೆಯೇ ಸೇರಿಕೊಂಡಿತು.

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಶರಣರು ನಿರಾಕರಿಸಿದರು. ಇದು ಶಾಸ್ತ್ರಚರ್ಚೆಯ ಮಾತಾಗಿ ಉಳಿಯಲಿಲ್ಲ; ಮನೆಯ ದಿನಚರಿಯನ್ನೇ ಬದಲಿಸುವ ನಿಲುವು ಅದಾಗಿತ್ತು. ಮುಟ್ಟಾದ ಹೆಣ್ಣುಮಗಳು ಹೊರಗೆ ಕೂಡಬೇಕಿಲ್ಲ, ಬಾಣಂತಿಯು ಲಿಂಗಪೂಜೆಯಿಂದ ದೂರವಿರಬೇಕಿಲ್ಲ, ಸಾವಿನ ಮನೆಯಲ್ಲಿ ಪೂಜೆ ನಿಲ್ಲಬೇಕಿಲ್ಲ. ಶುಭದಿನ, ಅಶುಭದಿನ ಎಂಬ ಭೇದ ಅಳಿದ ಮೇಲೆ ಪ್ರತಿ ದಿನವೂ ಹಬ್ಬದ ದಿನಕ್ಕೆ ಸಮನಾಯಿತು.

ಈ ನಿತ್ಯದ ಹಬ್ಬಕ್ಕೂ ಒಂದು ಅಳತೆಯಿತ್ತು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ ಎಲ್ಲರಿಗೂ ಗೊತ್ತಿದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದರು. ಅಡುಗೆಯ ಅಳತೆಯನ್ನು ಬಲ್ಲ ಗೃಹಿಣಿಯೇ ಧರ್ಮದ ಅಳತೆಯನ್ನೂ ಹೇಳಿದ ಪ್ರಸಂಗವಿದು.

ಹಬ್ಬವನ್ನು ಉಳಿಸಿದವರು

ಇಂತಹ ಪರಂಪರೆಯ ಮನೆಗಳಲ್ಲಿ ಪಂಚಮಿಯು ಏಕೆ ಉಳಿಯಿತು? ಉತ್ತರವು ನಾಗರಕಲ್ಲಿನಲ್ಲಿಲ್ಲ, ತವರಿನ ದಾರಿಯಲ್ಲಿದೆ.

ಒಕ್ಕಲು ಮನೆತನಗಳ ಬದುಕಿನಲ್ಲಿ ಶ್ರಾವಣವು ತುಸು ಬಿಡುವಿನ ಕಾಲ. ಮುಂಗಾರಿ ಬಿತ್ತನೆ ಮುಗಿದಿರುತ್ತದೆ. ಹಿಂಗಾರಿ ಜೋಳದ ಬಿತ್ತನೆಗೆ ಇನ್ನೂ ಸಮಯವಿರುತ್ತದೆ. ಈ ನಡುವಿನ ಬಿಡುವಿನಲ್ಲಿ ಅಣ್ಣನೋ ತಮ್ಮನೋ ಅಕ್ಕತಂಗಿಯರ ಊರಿಗೆ ಹೋಗಿ ಅವರನ್ನು ತವರಿಗೆ ಕರೆತರುತ್ತಿದ್ದರು. ಬೇರೆ ಹಬ್ಬಗಳಲ್ಲಿ ಆಕೆ ಗಂಡನ ಮನೆಯ ಸೊಸೆ. ಪಂಚಮಿಯಲ್ಲಿ ಮಾತ್ರ ಮರಳಿ ಮಗಳು. ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಸಂಕಲನದ ತ್ರಿಪದಿಗಳಲ್ಲಿ ತವರಿನ ಹಂಬಲವು ತುಂಬಿ ತುಳುಕುವುದನ್ನು ಓದಿದವರಿಗೆ, ಈ ಕರೆಗಾಗಿ ಹೆಣ್ಣುಮಕ್ಕಳು ಎಷ್ಟು ಕಾತರದಿಂದ ಕಾಯುತ್ತಿದ್ದರೆಂಬುದು ತಿಳಿಯುತ್ತದೆ.

ಹಬ್ಬದ ಅಡುಗೆಯೂ ಇದಕ್ಕೆ ಹೊಂದಿಕೊಂಡಿದೆ. ಪಂಚಮಿಯಂದು ಒಲೆಯ ಮೇಲೆ ಹಂಚು ಇಡಬಾರದೆಂಬ ಕಟ್ಟಳೆ ಅನೇಕ ಮನೆಗಳಲ್ಲಿದೆ. ಆದುದರಿಂದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ಖಡಕ್ ರೊಟ್ಟಿಗಳನ್ನು ಮೊದಲೇ ಬಡಿದಿಡುತ್ತಾರೆ. ಆ ರೊಟ್ಟಿಗಳು ಪಲ್ಯ, ಚಟ್ನಿಪುಡಿಗಳೊಡನೆ ನೆರೆಮನೆಗಳಿಗೂ ಹೋಗುತ್ತವೆ. ಅಲ್ಲಿಂದ ಅವರ ರೊಟ್ಟಿಗಳು ಬರುತ್ತವೆ. ಶೇಂಗಾ, ಎಳ್ಳು, ತಂಬಿಟ್ಟು, ಅಳ್ಳಿಟ್ಟು, ಬೇಸನ್ ಹೀಗೆ ಬಗೆಬಗೆಯ ಉಂಡಿಗಳು ಡಬ್ಬಿ ತುಂಬುತ್ತವೆ. ಹಲವು ದಿನ ಕೆಡದ ಈ ತಿನಿಸು ಹಬ್ಬ ಮುಗಿದ ಮೇಲೆ ಮಗಳ ಗಂಟಿನಲ್ಲಿ ಅವಳ ಮನೆಯನ್ನು ಸೇರುತ್ತದೆ. ಬೇವು, ಹುಣಸೆ, ಆಲದ ಮರಗಳಿಗೆ ಹಗ್ಗ ಕಟ್ಟಿ ಜೋಕಾಲಿ ಆಡುವಾಗ, ವರ್ಷವಿಡೀ ತಲೆಬಾಗಿ ದುಡಿದವಳು ನಾಲ್ಕು ಗಳಿಗೆ ನೆಲ ಬಿಟ್ಟು ಮೇಲೇರುತ್ತಾಳೆ.

ಈ ಭಾಗವನ್ನು ಬಸವಣ್ಣನವರು ಎಲ್ಲಿಯೂ ಪ್ರಶ್ನಿಸಿಲ್ಲ. ನೆರೆಯವರಿಗೆ ರೊಟ್ಟಿ ಹಂಚುವುದು, ಮಗಳನ್ನು ಕರೆತಂದು ಆದರಿಸುವುದು ದಾಸೋಹಕ್ಕೆ ದೂರವಾದ ನಡೆಯಲ್ಲ. ಹೆಣ್ಣುಮಕ್ಕಳು ಹಬ್ಬವನ್ನು ಉಳಿಸಿಕೊಂಡದ್ದು ತಮ್ಮ ವರ್ಷದ ಬಿಡುವಿಗಾಗಿ. ನಾಗಪ್ಪನು ಆ ಬಿಡುವಿಗೆ ಸಿಕ್ಕ ನೆಪ.

ಪಾಲು ಎಂಬ ಮಾತು

ಹಾಲೆರೆಯುವಾಗ ಆಡುವ ಮಾತೊಂದಿದೆ. ಕೊಬ್ಬರಿ ಬಟ್ಟಲಿನಿಂದ ಹಾಲು ಹನಿಸುತ್ತ ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನೆಯುತ್ತಾರೆ. ದೂರದಲ್ಲಿರುವವರ ಹೆಸರೂ ಬಿಟ್ಟುಹೋಗುವುದಿಲ್ಲ. ಇದು ಸುಂದರವಾದ ಸಂಪ್ರದಾಯ. ಆದರೆ ವಚನವು ಈ ಎಣಿಕೆಯ ನಡುವೆಯೇ ತಡೆದು ನಿಲ್ಲಿಸಿ ಕೇಳುತ್ತದೆ: ಬಾಗಿಲಲ್ಲಿ ನಿಂತವನ ಪಾಲು ಎಲ್ಲಿ?

ಬಾಗಿಲ ಹೊರಗಿನವರು ಮಾತ್ರವಲ್ಲ, ಒಳಗಿರುವವರೂ ಈ ಎಣಿಕೆಯಲ್ಲಿ ತಪ್ಪಿಹೋಗಿದ್ದುಂಟು. ಮನೆಯ ಹೆಣ್ಣುಮಕ್ಕಳು ತವರಿಗೆ ಬಂದ ದಿನವೇ ಅವರಿಗಾಗಿ ಉಂಡಿ ಕಟ್ಟುತ್ತ ಒಲೆಯ ಮುಂದೆ ಉಳಿದ ಸೊಸೆಯೂ ಇನ್ನೊಂದು ಮನೆಯ ಮಗಳೇ. ಗಂಡನನ್ನು ಕಳೆದುಕೊಂಡವಳನ್ನು ಹಾಲೆರೆಯುವಾಗ ಹಿಂದೆ ನಿಲ್ಲಿಸಿದ ಮನೆಗಳಿವೆ. ಸೂತಕವನ್ನೇ ಒಪ್ಪದ ಶರಣಧರ್ಮದಲ್ಲಿ ಇದಕ್ಕೆ ಆಧಾರವಿಲ್ಲ. ಅಣ್ಣತಮ್ಮಂದಿರಿಲ್ಲದವಳಿಗೆ ಕರೆಯಲು ಬರುವವರೇ ಇರುವುದಿಲ್ಲ.

ಮಗಳ ಪಾಲಿನ ಮಾತಂತೂ ಇನ್ನೂ ದೊಡ್ಡದು. ತಲೆಮಾರುಗಳವರೆಗೆ ಆಕೆಗೆ ತವರಿನ ಹೊಲದಲ್ಲಿ ಪಾಲಿರಲಿಲ್ಲ. ಪಂಚಮಿಯ ಸೀರೆ, ಕುಪ್ಪಸ ಮತ್ತು ಉಂಡಿಯ ಗಂಟು ಇವೇ ಅವಳಿಗೆ ದೊರೆತ ಪಾಲು. ಲಿಂಗಾಯತರನ್ನೂ ಹೆಸರಿಸಿ ಒಳಗೊಂಡ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಹಕ್ಕು ನೀಡಿತಾದರೂ, ಪಿತ್ರಾರ್ಜಿತದಲ್ಲಿ ಮಗನ ಸಮಾನಸ್ಥಾನವನ್ನು ಕೊಡಲಿಲ್ಲ. ಕರ್ನಾಟಕವು 1994ರಲ್ಲಿ ತಿದ್ದುಪಡಿ ತಂದು ಆ ಸಮಾನತೆಯನ್ನು ನೀಡಿತು. ಅದಕ್ಕೂ ಮೊದಲೇ ಮದುವೆಯಾದವರಿಗೆ ಅದು ಅನ್ವಯಿಸಲಿಲ್ಲ. 2005ರ ಕೇಂದ್ರ ತಿದ್ದುಪಡಿ ಇಡೀ ದೇಶಕ್ಕೆ ಅನ್ವಯವಾಯಿತು. ಈ ಹಕ್ಕು ಮಗಳಿಗೆ ಹುಟ್ಟಿನಿಂದಲೇ ಬರುವುದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಆದರೂ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಪಾಲು ಬೇಡವೆಂದು ಸಹಿ ಮಾಡುವ ಅಕ್ಕತಂಗಿಯರು ಇದ್ದಾರೆ. ಪಂಚಮಿಯ ಕರೆಯು ಪ್ರೀತಿಯಾಗಿ ಉಳಿಯಬೇಕೇ ಹೊರತು, ಹಕ್ಕಿನ ಬದಲಿಗೆ ಕೊಡುವ ಸಮಾಧಾನವಾಗಬಾರದು.

ಹಾಲಿಗೆ ಹೊಸ ದಾರಿ

ಇಪ್ಪತ್ತನೆಯ ಶತಮಾನದಲ್ಲಿ ವಚನಗಳು ಮನೆಮನೆಗೆ ಮುದ್ರಣರೂಪದಲ್ಲಿ ಬಂದವು. ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಮೃತ್ಯುಂಜಯ ಅಪ್ಪಗಳೊಡನೆ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆರಂಭಿಸಿದರು. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ಹೊರಬಂದಿತು. ಹಾಡಿಕೆಯಲ್ಲಿ, ಕಟ್ಟುಗಳಲ್ಲಿ ಇದ್ದ ಮಾತು ಓದುವ ಮಾತಾದಾಗ, ವಚನಕ್ಕೂ ನಡೆಗೂ ಇರುವ ಅಂತರವು ಕಣ್ಣಿಗೆ ಕಾಣತೊಡಗಿತು.

ಬಸವಣ್ಣನವರು ಲಿಂಗೈಕ್ಯರಾದುದು ಶ್ರಾವಣ ಶುದ್ಧ ಪಂಚಮಿಯಂದು ಎಂಬ ನಂಬಿಕೆಯಿಂದ ಹಲವು ಬಸವಪರ ಸಂಘಟನೆಗಳು ಈ ದಿನವನ್ನು ಬಸವ ಪಂಚಮಿಯಾಗಿ ಆಚರಿಸುತ್ತವೆ. ಕಲ್ಲಿಗೆ ಎರೆಯುವ ಹಾಲನ್ನು ಶಾಲೆಯ ಮಕ್ಕಳಿಗೆ, ರೋಗಿಗಳಿಗೆ, ಅನಾಥರಿಗೆ ಕುಡಿಸುವ ಪರಿಪಾಠವು ಅನೇಕ ಊರುಗಳಲ್ಲಿ ಬೆಳೆದಿದೆ. ಹಾಲು ಹಾವಿನ ಆಹಾರವಲ್ಲವೆಂಬುದನ್ನು ಪ್ರಾಣಿಶಾಸ್ತ್ರವೂ ಹೇಳುತ್ತದೆ. ಅಲ್ಲಿಗೆ ವಚನದ ಎರಡೂ ದೃಶ್ಯಗಳಿಗೆ ಉತ್ತರ ದೊರೆತಂತಾಗುತ್ತದೆ: ಹಾವು ತನ್ನ ಪಾಡಿಗೆ ಬದುಕಲಿ, ಹಾಲು ಹಸಿದ ಬಾಯಿಗೆ ಸೇರಲಿ.

ಆದ್ದರಿಂದ ಶರಣರ ಮನೆಯಲ್ಲಿ ಪಂಚಮಿಯನ್ನು ಬಿಡಬೇಕೇ ಎಂದು ಕೇಳುವ ಅಗತ್ಯವಿಲ್ಲ. ರೊಟ್ಟಿ ಬಡಿಯಲಿ, ಉಂಡಿ ಕಟ್ಟಲಿ. ಕಟ್ಟುವ ಕೈಗಳಲ್ಲಿ ಗಂಡಸರ ಕೈಗಳೂ ಇರಲಿ. ಮಗಳು ಬರಲಿ, ಸೊಸೆಯೂ ತನ್ನ ತವರಿಗೆ ಹೋಗಿ ಬರಲಿ. ಕರೆಯುವವರಿಲ್ಲದ ನೆರೆಮನೆಯ ಹೆಣ್ಣುಮಗಳಿಗೂ ಜೋಕಾಲಿಯಲ್ಲಿ ಜಾಗವಿರಲಿ. ಪಾಲುಗಳನ್ನು ಎಣಿಸುವ ಆ ಹಳೆಯ ಮಾತೂ ಉಳಿಯಲಿ. ಅಪ್ಪನ ಪಾಲು, ಅವ್ವನ ಪಾಲು ಎಂದ ಮೇಲೆ ಹಸಿದವರ ಪಾಲು ಎಂಬ ಒಂದು ಮಾತು ಸೇರಲಿ. ಆ ಪಾಲು ನೆಲಕ್ಕೆ ಬೀಳದೆ ಒಂದು ಮಗುವಿನ ಲೋಟಕ್ಕೆ ಬಿದ್ದರೆ, ಎಂಟು ಶತಮಾನಗಳ ಹಿಂದೆ ಅಣ್ಣನವರು ಕೇಳಿದ ಪ್ರಶ್ನೆಗೆ ಆ ಮನೆಯು ತನ್ನ ಉತ್ತರವನ್ನು ಕೊಟ್ಟಂತಾಗುವುದು.