ಮಾಸಿನ ದೋಷಗಳು: ವಿಂಗಡಣೆ ಹೇಗೆ, ಅಪಾಯವೇನು?

ಗರ್ಭಸ್ಥ ಶಿಶುವಿಗೆ ತಾಯಿಯ ರಕ್ತದಿಂದ ಆಮ್ಲಜನಕ ಹಾಗೂ ಪೋಷಕಾಂಶಗಳನ್ನು ಒದಗಿಸುವ ಅಂಗವೇ ಮಾಸು. ಗ್ರಂಥಗಳಲ್ಲಿ ಇದಕ್ಕೆ ಜರಾಯು ಎಂದೂ, ಆಸ್ಪತ್ರೆಗಳಲ್ಲಿ ಪ್ಲಾಸೆಂಟಾ ಎಂದೂ ಹೆಸರು. ದಿನ ತುಂಬಿದಾಗ ಇದು ಸುಮಾರು 500 ಗ್ರಾಂ ತೂಕದ, 20ರಿಂದ 22 ಸೆಂ.ಮೀ. ಅಗಲದ ದುಂಡನೆಯ ಬಿಲ್ಲೆಯಂತಿರುತ್ತದೆ. ಮಗು ಹುಟ್ಟಿದೊಡನೆ ಎಲ್ಲರ ಗಮನ ಮಗುವಿನತ್ತ ಹರಿಯುತ್ತದೆ. ಮಾಸನ್ನು ಯಾರೂ ಕೇಳುವುದಿಲ್ಲ. ಆದರೆ ತಾಯಿಯ ಪ್ರಾಣಕ್ಕೆ ಎರವಾಗುವ ರಕ್ತಸ್ರಾವದ ಮೂಲ ಹಲವು ವೇಳೆ ಇಲ್ಲಿಯೇ ಅಡಗಿರುತ್ತದೆ. ಮಾಸಿನ ದೋಷಗಳನ್ನು ಸ್ಥೂಲವಾಗಿ ಐದು ಬಗೆಯಾಗಿ ವಿಂಗಡಿಸಬಹುದು.

ಸ್ಥಾನದ ದೋಷ

ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿಕೊಂಡಿದ್ದರೆ ಅದು 'ಪ್ಲಾಸೆಂಟಾ ಪ್ರೀವಿಯಾ'. ಅಂಚು ಬಾಯಿಯಿಂದ 2 ಸೆಂ.ಮೀ. ಒಳಗಿದ್ದರೆ 'ಕೆಳಮಟ್ಟದ ಮಾಸು' ಎನ್ನಲಾಗುತ್ತದೆ. ನೋವಿಲ್ಲದೆ ಕಾಣಿಸಿಕೊಳ್ಳುವ ಕೆಂಪು ರಕ್ತಸ್ರಾವ ಪ್ರೀವಿಯಾದ ಮುಖ್ಯ ಲಕ್ಷಣ. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಕೆಳಗಿರುವಂತೆ ಕಂಡ ಮಾಸು ಬಹುಪಾಲು ಪ್ರಕರಣಗಳಲ್ಲಿ ಗರ್ಭಕೋಶ ಬೆಳೆದಂತೆ ಮೇಲೆ ಸರಿಯುತ್ತದೆ. ಆದ್ದರಿಂದ ಗಾಬರಿ ಬೇಡ, ಮರುಪರೀಕ್ಷೆ ಮಾತ್ರ ತಪ್ಪಿಸಬಾರದು.

ಆಳದ ದೋಷ

ಮಾಸು ಗರ್ಭಕೋಶದ ಗೋಡೆಗೆ ಬಿಡಿಸಲಾಗದಂತೆ ಅಂಟಿಕೊಂಡರೆ 'ಅಕ್ರೀಟಾ', ಸ್ನಾಯುವಿನೊಳಗೆ ಇಳಿದರೆ 'ಇಂಕ್ರೀಟಾ', ಗೋಡೆಯನ್ನೇ ದಾಟಿದರೆ 'ಪರ್ಕ್ರೀಟಾ'. ಹಿಂದಿನ ಸಿಸೇರಿಯನ್ ಗಾಯದ ಕಲೆ ಇದಕ್ಕೆ ಪ್ರಮುಖ ಕಾರಣ. ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಂತೆ, ಪ್ರೀವಿಯಾ ಇರುವವರಲ್ಲಿ ಈ ದೋಷದ ಪ್ರಮಾಣ ಮೊದಲ ಸಿಸೇರಿಯನ್ ವೇಳೆ ಶೇ.3, ಎರಡನೆಯದರಲ್ಲಿ ಶೇ.11, ಮೂರನೆಯದರಲ್ಲಿ ಶೇ.40. ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆಗಳ ಪ್ರಮಾಣ ಶೇ.30ನ್ನು ದಾಟಿರುವುದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದಾಖಲಾಗಿದೆ. ಹಾಗಾಗಿ ಈ ಅಂಕಿಗಳು ರಾಜ್ಯಕ್ಕೂ ಎಚ್ಚರಿಕೆಯ ಗಂಟೆ. ಇಂತಹ ಮಾಸನ್ನು ಬಲವಂತವಾಗಿ ಕೀಳಲು ಹೋದರೆ ತೀವ್ರ ರಕ್ತಸ್ರಾವವಾಗಿ, ಗರ್ಭಕೋಶವನ್ನೇ ತೆಗೆಯಬೇಕಾಗಬಹುದು.

ಆಕಾರದ ದೋಷ

ಮಾಸು ಎರಡು ಹೋಳಾಗಿರಬಹುದು ಅಥವಾ ಮುಖ್ಯ ಭಾಗದಿಂದ ದೂರದಲ್ಲಿ ಚಿಕ್ಕ ಉಪಹಾಲೆಯೊಂದು ಬೆಳೆದಿರಬಹುದು. ಮುಖ್ಯ ಭಾಗ ಹೊರಬಿದ್ದು ಉಪಹಾಲೆ ಒಳಗೇ ಉಳಿದರೆ ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದು, ಸೋಂಕೂ ತಗಲಬಹುದು.

ಹೊಕ್ಕುಳಬಳ್ಳಿಯ ದೋಷ

ಬಳ್ಳಿ ಮಾಸಿನ ನಡುಭಾಗಕ್ಕೆ ಬದಲಾಗಿ ಪೊರೆಗೆ ಸೇರಿದರೆ ರಕ್ತನಾಳಗಳು ರಕ್ಷಣೆಯಿಲ್ಲದೆ ಹರಡುತ್ತವೆ. ಅವು ಗರ್ಭಕೋಶದ ಬಾಯಿಯ ಮೇಲೆ ಹಾದುಹೋದರೆ 'ವಾಸಾ ಪ್ರೀವಿಯಾ'. ನೀರುಚೀಲ ಒಡೆದಾಗ ನಾಳ ಹರಿದರೆ ಮಗುವಿನ ರಕ್ತವೇ ಸೋರಿಹೋಗುತ್ತದೆ. 2004ರಲ್ಲಿ ಪ್ರಕಟವಾದ 155 ಪ್ರಕರಣಗಳ ವಿಶ್ಲೇಷಣೆಯಲ್ಲಿ, ಹೆರಿಗೆಗೆ ಮುನ್ನ ಪತ್ತೆಯಾದಾಗ ಶೇ.97ರಷ್ಟು ಶಿಶುಗಳು ಬದುಕುಳಿದರೆ, ಪತ್ತೆಯಾಗದಿದ್ದಾಗ ಉಳಿದದ್ದು ಶೇ.44 ಮಾತ್ರ.

ರಕ್ತಸಂಚಾರ ಮತ್ತು ಸೋಂಕು

ಹೆರಿಗೆಗೆ ಮುನ್ನವೇ ಮಾಸು ಕಳಚಿಕೊಳ್ಳುವುದು 'ಅಬ್ರಪ್ಷನ್'. ಹೊಟ್ಟೆನೋವು, ಗಟ್ಟಿಯಾದ ಗರ್ಭಕೋಶ ಇದರ ಸುಳಿವು. ರಕ್ತ ಒಳಗೇ ನಿಂತು ಹೊರಗೆ ಕಾಣದಿರಲೂಬಹುದು. ಅಧಿಕ ರಕ್ತದೊತ್ತಡ, ಧೂಮಪಾನ, ಹೊಟ್ಟೆಗೆ ಪೆಟ್ಟು ಇದರ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಬರಿಗಣ್ಣಿಗೆ ಕಾಣದ ದೋಷಗಳಿಗಾಗಿ 2014ರ ಆಮ್‌ಸ್ಟರ್‌ಡ್ಯಾಮ್ ಸಭೆಯಲ್ಲಿ ರೂಪುಗೊಂಡ ಏಕರೂಪದ ವ್ಯಾಖ್ಯೆಗಳು 2016ರಲ್ಲಿ ಪ್ರಕಟವಾದವು. ತಾಯಿಯ ಕಡೆಯ ರಕ್ತಸಂಚಾರದ ಕೊರತೆ, ಶಿಶುವಿನ ಕಡೆಯ ಕೊರತೆ, ಸೋಂಕು ಹಾಗೂ ಉರಿಯೂತಗಳನ್ನು ಅಲ್ಲಿ ಪ್ರತ್ಯೇಕವಾಗಿ ಗುರುತಿಸಲಾಗಿದೆ.

ಪರೀಕ್ಷೆ ಏಕೆ ಅಗತ್ಯ?

ಹೊರಬಂದ ಮಾಸನ್ನು ಬೆಳಕಿನಲ್ಲಿ ಹರಡಿ, ಹಾಲೆಗಳು ಮತ್ತು ಪೊರೆ ಪೂರ್ಣವಾಗಿವೆಯೇ ಎಂದು ನೋಡಲು ಕೆಲವೇ ನಿಮಿಷ ಸಾಕು. ಯಾವ ಯಂತ್ರವೂ ಬೇಡ. ಶಿಶು ಗರ್ಭದಲ್ಲೇ ಮೃತಪಟ್ಟಿದ್ದರೆ ಅಥವಾ ಬೆಳವಣಿಗೆ ಕುಂಠಿತವಾಗಿದ್ದರೆ ಮಾಸನ್ನು ಪ್ರಯೋಗಾಲಯಕ್ಕೆ ಕಳುಹಿಸುವುದು ಸೂಕ್ತ. ಕೆಲವು ದೋಷಗಳು ಮುಂದಿನ ಗರ್ಭದಲ್ಲೂ ಮರುಕಳಿಸಬಲ್ಲವು. ಹಿಂದೆ ಸಿಸೇರಿಯನ್ ಆಗಿರುವವರು ಮಾಸು ಎಲ್ಲಿದೆ ಎಂಬುದನ್ನು ಸ್ಕ್ಯಾನಿಂಗ್‌ನಲ್ಲಿ ಕೇಳಿ ತಿಳಿದುಕೊಳ್ಳಬೇಕು. ದೋಷ ಕಂಡುಬಂದಲ್ಲಿ ರಕ್ತನಿಧಿ ಹಾಗೂ ಶಸ್ತ್ರಚಿಕಿತ್ಸಾ ಸೌಲಭ್ಯವಿರುವ ಆಸ್ಪತ್ರೆಯಲ್ಲೇ ಹೆರಿಗೆಗೆ ಮುಂಚಿತವಾಗಿ ವ್ಯವಸ್ಥೆ ಮಾಡಿಕೊಳ್ಳುವುದು ಕ್ಷೇಮಕರ.