ಜವುಗಿನ ಜಿಂಕೆಯೂ ಬೇಟೆಯ ಕಾಲನಿರ್ಣಯವೂ

ಬಿಲ್ಲಿನ ಬೇಟೆಯು ತೋಳ್ಬಲಕ್ಕಿಂತಲೂ ಕಾಲಜ್ಞಾನವನ್ನೇ ಹೆಚ್ಚಾಗಿ ಬೇಡುವುದು. ಕೋವಿಯ ಗುಂಡು ದೂರದ ಮೃಗವನ್ನೂ ಕೆಡಹಬಲ್ಲುದು. ಬಾಣವಾದರೋ ಹತ್ತಿರದ ಗುರಿಯನ್ನೇ ನಚ್ಚಿರತಕ್ಕದ್ದು. ಅದರಲ್ಲಿಯೂ ಜಿಂಕೆಯು ಜವುಗಿನಂಚಿನಲ್ಲಿ ಮೇಯುತ್ತಿದ್ದರೆ ಬೇಟೆಗಾರನ ಒಂದೊಂದು ಹೆಜ್ಜೆಯೂ ಕೆಸರಿನಲ್ಲಿ ಸಪ್ಪಳವಾಗುವುದು. ಗಾಳಿ ತಿರುಗಿದರೆ ಅವನ ವಾಸನೆಯು ಮೃಗದ ಮೂಗಿಗೆ ಮುಟ್ಟುವುದು. ಆದುದರಿಂದ ಯಾವ ತಿಂಗಳಲ್ಲಿ ಮೃಗವು ಯಾವ ದಡಕ್ಕೆ ಬರುವುದೆಂಬುದನ್ನು ಮುಂಚಿತವಾಗಿ ತಿಳಿಯದವನಿಗೆ ಬಿಲ್ಲಿದ್ದೂ ಫಲವಿಲ್ಲ. ಬರಹವನ್ನೇ ಅರಿಯದ ಪ್ರಾಚೀನರು ಈ ಕಾಲವನ್ನು ಹೇಗೆ ನಿಶ್ಚಯಿಸುತ್ತಿದ್ದರು? ಇದಕ್ಕೆ ಉತ್ತರವನ್ನರಸಿ ವಿದ್ವಾಂಸರು ಸುಮಾರು ಎಪ್ಪತ್ತು ವರ್ಷಗಳ ಕಾಲ ಒಂದೇ ಕೊಳದ ಕೆಸರನ್ನು ಶೋಧಿಸಿ ವಾದಿಸಿದ್ದಾರೆ.

ಆ ಸ್ಥಳವು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ, ಸ್ಕಾರ್ಬರೋ ಪಟ್ಟಣದ ದಕ್ಷಿಣಕ್ಕಿರುವ ಸ್ಟಾರ್ ಕಾರ್. ಹಿಮಯುಗವು ಕಳೆದ ಮೇಲೆ ಅಲ್ಲಿ ಒಂದು ದೊಡ್ಡ ಸರೋವರವಿದ್ದಿತು. ಫ್ಲಿಕ್ಸ್‌ಟನ್ ಸರೋವರವೆಂದು ಅದಕ್ಕೆ ಈಗಿನ ಹೆಸರು. ಕಾಲಕ್ರಮದಲ್ಲಿ ಜೊಂಡು ಬೆಳೆದು, ಕೊಳೆತು, ಸರೋವರವು ಕರಿಯ ಜವುಗುಮಣ್ಣಾಗಿ ಹೂತುಹೋಯಿತು. ಗಾಳಿಯಾಡದ ಆ ಮಣ್ಣಿನಲ್ಲಿ ಮರ, ಎಲುಬು, ಕೊಂಬುಗಳು ಕೆಡದೆ ಉಳಿದವು. 1940ರ ದಶಕದ ಕೊನೆಯಲ್ಲಿ ಜಾನ್ ಮೂರ್ ಎಂಬ ಸ್ಥಳೀಯ ಶೋಧಕರು ಇದನ್ನು ಮೊದಲು ಗುರುತಿಸಿದರು. 1949ರಿಂದ 1951ರವರೆಗೆ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗ್ರಹಾಂ ಕ್ಲಾರ್ಕರು ಇಲ್ಲಿ ಉತ್ಖನನ ನಡೆಸಿದರು. ಕೆಂಪು ಜಿಂಕೆ, ಅದಕ್ಕಿಂತ ಚಿಕ್ಕದಾದ ರೋ ಜಿಂಕೆ, ಎಲ್ಕ್, ಕಾಡುದನ, ಕಾಡುಹಂದಿಗಳ ಎಲುಬುಗಳೂ, ಕೊಂಬಿನಿಂದ ಕೊರೆದ 190ಕ್ಕೂ ಹೆಚ್ಚು ಮುಳ್ಳುಮೊನೆಗಳೂ ದೊರೆತವು. ಕೊಂಬು ಸಹಿತವಾದ ಜಿಂಕೆಯ ನೆತ್ತಿಯೆಲುಬಿಗೆ ತೂತು ಕೊರೆದು ತಲೆಗೆ ಧರಿಸುವಂತೆ ಮಾಡಿದ್ದ 21 ಮುಖವಾಡಗಳೂ ಕಂಡುಬಂದವು. ಇವನ್ನು ಮೃಗಗಳ ಬಳಿ ಸಾರಲು ವೇಷವಾಗಿಯೋ, ಕುಣಿತದ ಆಚಾರಕ್ಕಾಗಿಯೋ ಧರಿಸುತ್ತಿದ್ದಿರಬೇಕೆಂದು ಕ್ಲಾರ್ಕರು ಊಹಿಸಿದರು.

ಆ ಯುಗದ ಬೇಟೆಗಾರರು ಬಿಲ್ಲನ್ನು ಬಲ್ಲವರೆಂಬುದರಲ್ಲಿ ಸಂದೇಹವಿಲ್ಲ. ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಜವುಗಿನಲ್ಲಿ 1944ರಲ್ಲಿ ದೊರೆತ ಎಲ್ಮ್ ಮರದ ಬಿಲ್ಲು ಸುಮಾರು 9,000 ವರ್ಷಗಳಷ್ಟು ಹಳೆಯದು. ಸ್ವೀಡನ್ನಿನ ಲೋಶುಲ್ಟ್ ಎಂಬಲ್ಲಿ ದೊರೆತ ಬಾಣಕ್ಕೆ ಚಕಮಕಿ ಕಲ್ಲಿನ ಸಣ್ಣ ಚೂರುಗಳನ್ನು ಅಂಟಿನಿಂದ ಕೂಡಿಸಿದೆ. ಅಂತಹ ಸೂಕ್ಷ್ಮಶಿಲೆಗಳು ಸ್ಟಾರ್ ಕಾರ್‌ನಲ್ಲಿಯೂ ದೊರೆತಿವೆ.

ಇನ್ನು ಕೆಂಪು ಜಿಂಕೆಯ ವರ್ಷವನ್ನು ನೋಡಬೇಕು. ಕನ್ನಡ ನಾಡಿನ ಕಡವೆಯಂತೆ ಇದರ ಗಂಡೂ ಕೊಂಬನ್ನು ಕಳಚಿ ಮತ್ತೆ ಬೆಳೆಸುವುದು. ಇಂಗ್ಲೆಂಡಿನಲ್ಲಿ ಮಾರ್ಚಿ ಏಪ್ರಿಲ್‌ಗಳಲ್ಲಿ ಕೊಂಬು ಬೀಳುವುದು. ಬೇಸಗೆಯುದ್ದಕ್ಕೂ ಹೊಸ ಕೊಂಬು ಮೆತ್ತನೆಯ ತೊಗಲಿನೊಳಗೆ ಬೆಳೆದು ಆಗಸ್ಟಿನ ಹೊತ್ತಿಗೆ ಗಟ್ಟಿಯಾಗುವುದು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಬೆದೆಗಾಲ. ಆಗ ಗಂಡು ಮೇವನ್ನು ಮರೆತು ಹೂಂಕರಿಸುತ್ತ ಕಾದಾಡಿ, ಬೇಸಗೆಯಲ್ಲಿ ಕೂಡಿಸಿದ ಕೊಬ್ಬನ್ನೆಲ್ಲ ಕರಗಿಸಿಕೊಳ್ಳುವುದು. ಮೇ ಜೂನ್‌ಗಳಲ್ಲಿ ಹೆಣ್ಣು ಮರಿ ಹಾಕುವುದು. ಹೀಗಿರಲು ಕೊಬ್ಬಿದ ಮಾಂಸ ಬೇಕಾದವನಿಗೆ ಬೆದೆಗಾಲಕ್ಕೆ ಮುಂಚಿನ ದಿನಗಳೇ ಉತ್ತಮ. ಆಯುಧಕ್ಕೆ ಗಟ್ಟಿ ಕೊಂಬು ಬೇಕಾದವನಿಗೆ ಶರತ್ಕಾಲದಿಂದ ಕೊಂಬು ಬೀಳುವವರೆಗಿನ ತಿಂಗಳುಗಳು ಉತ್ತಮ. ಒಂದೇ ಮೃಗದಲ್ಲಿ ಎರಡು ಪಂಚಾಂಗಗಳು ಅಡಗಿವೆ.

1954ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಕ್ಲಾರ್ಕರು ಈ ಕೊಂಬಿನ ಪಂಚಾಂಗವನ್ನೇ ಓದಿದರು. ತಲೆಬುರುಡೆಯಿಂದ ಒಡೆದು ತೆಗೆದ ಕೊಂಬುಗಳು ಅಲ್ಲಿ ಬಹಳವಾಗಿದ್ದವು. ತಾವಾಗಿ ಬಿದ್ದವೂ ಇದ್ದವು. ಆದುದರಿಂದ ಚಳಿಗಾಲದಲ್ಲಿ ಜನರು ಸರೋವರದ ದಡಕ್ಕೆ ಬಂದು, ವಸಂತದಲ್ಲಿ ಕೊಂಬು ಬೀಳುವವರೆಗೆ ನಿಂತು, ಬಳಿಕ ತೆರಳುತ್ತಿದ್ದರೆಂದು ಅವರು ನಿರ್ಣಯಿಸಿದರು. ಬೇಸಗೆಯಲ್ಲಿ ಜಿಂಕೆಗಳು ಗುಡ್ಡವನ್ನೇರುವಾಗ ಬೇಟೆಗಾರರೂ ಅವುಗಳನ್ನು ಹಿಂಬಾಲಿಸುತ್ತಿದ್ದರೆಂದು 1972ರಲ್ಲಿ ಮತ್ತೆ ಪ್ರತಿಪಾದಿಸಿದರು. ಈ ಚಿತ್ರವು ಅಂದವಾಗಿದ್ದಿತು. ಬಹುಕಾಲ ಮಾನ್ಯವೂ ಆಯಿತು.

ಆದರೆ ಕೊಂಬು ಬರಿಯ ಬೇಟೆಯ ಗುರುತಲ್ಲ, ಆಯುಧಕ್ಕೆ ಬೇಕಾದ ಸಾಮಗ್ರಿಯೂ ಹೌದು. ಬಡಗಿಯ ಮನೆಯಲ್ಲಿ ಸಾಗುವಾನಿಯ ಹಲಗೆಯಿದ್ದ ಮಾತ್ರಕ್ಕೆ ಆ ಮರವನ್ನು ಅವನ ಅಂಗಳದಲ್ಲಿಯೇ ಕಡಿದರೆಂದು ಹೇಳಲಾಗದು. ಎಲ್ಲಿಯೋ, ಯಾವ ತಿಂಗಳಲ್ಲಿಯೋ ಕೂಡಿಸಿದ ಕೊಂಬನ್ನು ಹೊತ್ತು ತಂದು ಬೇಕಾದಾಗ ಕೊರೆಯಬಹುದಷ್ಟೆ. ಆಂಟನಿ ಲೆಗ್ ಮತ್ತು ಪೀಟರ್ ರೌಲಿ-ಕಾನ್ವಿ ಎಂಬ ವಿದ್ವಾಂಸರು ಈ ಸೂಕ್ಷ್ಮವನ್ನು ಮನಗಂಡು, ಕೊಂಬುಗಳನ್ನು ಬದಿಗಿಟ್ಟು ದವಡೆಗಳನ್ನು ಕೈಗೆತ್ತಿಕೊಂಡರು. ಮರಿಗಳು ಹುಟ್ಟುವ ಕಾಲವು ನಿಯತವಾಗಿರುವುದರಿಂದ, ಎಳೆಯ ಜಿಂಕೆಯ ಹಲ್ಲು ಎಷ್ಟು ಮೂಡಿದೆಯೆಂಬುದನ್ನು ನೋಡಿ ಅದು ಸತ್ತ ತಿಂಗಳನ್ನು ಅಳೆಯಬಹುದು. 1988ರಲ್ಲಿ ಅವರು ಪ್ರಕಟಿಸಿದ ನಿರ್ಣಯವು ಹಿಂದಿನದಕ್ಕೆ ವಿರುದ್ಧವಾಗಿದ್ದಿತು: ಇಲ್ಲಿನ ಬೇಟೆಯು ಮುಖ್ಯವಾಗಿ ವಸಂತದ ಕೊನೆಯಲ್ಲಿಯೂ ಬೇಸಗೆಯಲ್ಲಿಯೂ ನಡೆಯಿತು.

ವಾದವು ಅಲ್ಲಿಗೂ ಮುಗಿಯಲಿಲ್ಲ. 1990ರ ದಶಕದ ಕೊನೆಯಲ್ಲಿ ದವಡೆಗಳನ್ನು ಕ್ಷ-ಕಿರಣದಿಂದ ಪರೀಕ್ಷಿಸಿ, ಒಸಡಿನೊಳಗೆ ಬೆಳೆಯುತ್ತಿದ್ದ ಹಲ್ಲುಗಳನ್ನು ನೋಡಿದಾಗ ಚಳಿಗಾಲದ ಬೇಟೆಯ ಕುರುಹೂ ಕಂಡಿತು. 2004ರಿಂದ 2015ರವರೆಗೆ ನಡೆದ ಹೊಸ ಶೋಧನೆಯಲ್ಲಿ ದಡದ ಒಣನೆಲದ ಮೇಲೆ ಮನೆಗಳ ಗುರುತುಗಳು ದೊರೆತವು. ಜನರು ಕ್ರಿ. ಪೂ. ಸುಮಾರು 9300ರಿಂದ 8500ರವರೆಗೆ, ಎಂದರೆ 800 ವರ್ಷಗಳ ಅವಧಿಯಲ್ಲಿ, ಈ ದಡಕ್ಕೆ ಬರುತ್ತಿದ್ದರೆಂದು 2018ರಲ್ಲಿ ಪ್ರಕಟವಾದ ಸಂಪುಟಗಳು ತಿಳಿಸಿದವು. ಎಂಟು ಶತಮಾನಗಳ ಬಾಳನ್ನು ಒಂದೇ ಋತುವಿಗೆ ಕಟ್ಟಿಹಾಕುವುದು ಸಲ್ಲದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪರಸ್ಪರ ವಿರುದ್ಧವೆಂದು ತೋರಿದ ಸಾಕ್ಷ್ಯಗಳು ಒಂದೇ ದಡದ ಬೇರೆ ಬೇರೆ ವರ್ಷಗಳ, ಬೇರೆ ಬೇರೆ ಅವಶ್ಯಕತೆಗಳ ಬೇಟೆಗಳಾಗಿರಬಹುದು.

ಇನ್ನೊಂದು ಸಂಗತಿಯೂ ಗಮನಾರ್ಹವಾದುದು. ದಡದ ಜೊಂಡನ್ನು ಸುಟ್ಟ ಇದ್ದಲಿನ ಕಣಗಳು ಕೆಸರಿನ ಪದರಗಳಲ್ಲಿ ದೊರೆತಿವೆ. ಈ ಸುಡುವಿಕೆಯು ಅನೇಕ ವರ್ಷಗಳ ಕಾಲ ಮರಳಿ ಮರಳಿ ನಡೆದುದೆಂದು ಪಾಲ್ ಮೆಲ್ಲರ್ಸ್ ಮತ್ತು ಪೆಟ್ರಾ ಡಾರ್ಕ್ ಅವರು 1998ರಲ್ಲಿ ತೋರಿಸಿದರು. ಸುಟ್ಟ ಜಾಗದಲ್ಲಿ ಎಳೆಯ ಚಿಗುರು ಮೂಡುವುದು. ಚಿಗುರನ್ನರಸಿ ಜಿಂಕೆ ಬರುವುದು. ಬೆಂಕಿಯ ಉದ್ದೇಶವು ಇದೇ ಆಗಿದ್ದ ಪಕ್ಷದಲ್ಲಿ ಆ ಜನರು ಕಾಲವನ್ನು ಕಾಯುವವರಷ್ಟೇ ಅಲ್ಲ, ಮೃಗವು ಬರುವ ಕಾಲವನ್ನೂ ಸ್ಥಳವನ್ನೂ ತಾವೇ ಗೊತ್ತುಮಾಡುವವರೂ ಆಗಿದ್ದರೆನ್ನಬೇಕು. ಬಾಣದ ಅಳವು ಕಿರಿದಾದುದರಿಂದ ಮೃಗವನ್ನೇ ಅದರ ಅಳವಿಗೆ ಕರೆತರುವ ಉಪಾಯವಿದು.

ಇಷ್ಟೆಲ್ಲ ಎಣಿಕೆಯಿದ್ದರೂ ಗುರಿ ತಪ್ಪುತ್ತಿದ್ದಿತು. ಸ್ಟಾರ್ ಕಾರ್‌ನ ಎಲುಬುಗಳಲ್ಲಿ ಎರಡು ಹೆಗಲೆಲುಬುಗಳ ಮೇಲೆ ಆಯುಧದ ಗಾಯವು ಮಾಗಿದ ಗುರುತನ್ನು ಡೆನ್ಮಾರ್ಕಿನ ವಿದುಷಿ ನಾನಾ ನೋ-ನೈಗಾರ್ಡರು 1975ರಲ್ಲಿ ವಿವರಿಸಿದರು. ಆ ಮೃಗಗಳು ಒಮ್ಮೆ ಪೆಟ್ಟು ತಿಂದು, ತಪ್ಪಿಸಿಕೊಂಡು, ಗಾಯ ಮಾಯುವವರೆಗೆ ಬದುಕಿ, ಕೊನೆಗೆ ಅದೇ ಜನರ ಪಾಳೆಯದ ಎಲುಬಿನ ರಾಶಿಯನ್ನು ಸೇರಿದವು. ಪೂರ್ವದ ಬೇಟೆಗಾರನು ಮೊದಲ ಪೆಟ್ಟು ತಪ್ಪಿದರೆ ಮತ್ತೊಂದು ಋತುವನ್ನು ಕಾದನು. ಇತಿಹಾಸವನ್ನು ಶೋಧಿಸುವವರೂ ಕೊಂಬು ತಪ್ಪು ಹೇಳಿದಾಗ ಹಲ್ಲನ್ನು ಕೇಳಿದರು. ಸತ್ಯಶೋಧನೆಯೂ ಜವುಗಿನ ಬೇಟೆಯಂತೆ ತಾಳ್ಮೆಯುಳ್ಳವರಿಗೇ ಒಲಿಯತಕ್ಕದ್ದು.